ದೇಪಯ್ಯ ತಂದ ಕಡಿಯದ ದಾರ

ದೇಪಯ್ಯ ಹೆದರುವ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಆಮೇಲೆ ಯಾರೂ ನಡುವೆ ಬಾಯಿ ಹಾಕಬಾರದು. ನಾಯಿ ಬೊಗಳಿದರೆ ಹೆದರುತ್ತಿದ್ದ. ಬೊಗಳದೆ ಸುಮ್ಮನೆ ನೋಡಿದರೆ ಇನ್ನೂ ಹೆದರುತ್ತಿದ್ದ. ಹೆದರುವುದೇನೂ ತಪ್ಪಲ್ಲ. ನಾನೂ ಹೆದರುತ್ತೇನೆ, ನಿಮ್ಮ ಅಪ್ಪನೂ ಹೆದರುತ್ತಾನೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಆದರೆ ಹೆದರಿದ ಮನುಷ್ಯ ಆ ಹೆದರಿಕೆಯಲ್ಲಿ ಏನು ಮಾಡುತ್ತಾನೆ ಅನ್ನುವುದನ್ನು ಸ್ವಲ್ಪ ನೋಡಬೇಕಾಗುತ್ತದೆ.

ಇಂಥವನು ಹೊಳೆದಂಡೆಯ ಊರಿಗೆ ಬಂದು ಸೇರಿದ್ದ. ಹುಟ್ಟಿದ್ದು ಬಯಲುಸೀಮೆಯ ಊರಲ್ಲಿ. ಬಾವಿಯಿಂದ ಸೇದಿದ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೋ ಅಷ್ಟು ನೀರಿನ ಪರಿಚಯ ಮಾತ್ರ ಅವನಿಗಿತ್ತು. ಸೋದರಮಾವ ಬೊಮ್ಮಯ್ಯನ ಒಬ್ಬಳೇ ಮಗಳು ಚೆಲುವಿಯನ್ನು ಮದುವೆಯಾಗಿ, ಮಾವನ ಮನೆಯಲ್ಲೇ ಉಳಿದುಕೊಂಡ. ಬೊಮ್ಮಯ್ಯ ಬೆಸ್ತರ ಕೇರಿಯ ಹಳೇ ಮೀನುಗಾರ. ಮೊಣಕಾಲು ಹಿಡಿದುಕೊಂಡ ಮೇಲೆ ಹರಿಗೋಲು ಹತ್ತುವುದು ಕಷ್ಟವಾಗಿತ್ತು. ಹರಿಗೋಲನ್ನೂ ಗಾಳವನ್ನೂ ಅಳಿಯನ ಕೈಗೆ ಕೊಟ್ಟ. ಚೆಲುವಿ ಹುಟ್ಟು ಹಾಕುತ್ತಿದ್ದಳು, ದೇಪಯ್ಯ ಗಾಳ ಬಿಡುತ್ತಿದ್ದ. ಅವರಿಗೆ ಹೊನ್ನಿ ಅಂತ ಒಂದು ಹೆಣ್ಣುಕೂಸು. ಆಗಷ್ಟೇ ಓಡಾಡಲು ಕಲಿತಿತ್ತು. ಮನೆಯಲ್ಲಿ ಬಿಟ್ಟರೆ ಮೊಣಕಾಲು ನೋವಿನ ಅಜ್ಜನ ಕೈಗೆ ಸಿಗುತ್ತಿರಲಿಲ್ಲ, ಅದಕ್ಕೇ ಹರಿಗೋಲಿನಲ್ಲೇ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು.

ಊರಿನ ಮೇಲುಗಡೆ ಒಂದು ಅಣೆಕಟ್ಟೆ ಇತ್ತು. ಗೇಟು ತೆಗೆಯುವ ಮೊದಲು ಸೈರನ್ ಕೂಗುತ್ತದೆ. ಕೂಗಿದ ಮೇಲೆ ಹೊಳೆಯಲ್ಲಿದ್ದವರು ಹುಟ್ಟು ಹಾಕಿಕೊಂಡು, ಆರಾಮಾಗಿ ಮಾತಾಡಿಕೊಂಡು ದಡ ಸೇರುವಷ್ಟು ಹೊತ್ತು ಸಿಗುತ್ತದೆ. ಆಮೇಲೆ ನೀರು ಬರುತ್ತದೆ. ಬಂದ ಮೇಲೆ ಮಾತ್ರ ಹೊಳೆಯಲ್ಲಿ ಯಾರೂ ಇರಬಾರದು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ದೇಪಯ್ಯನಂತೂ ಸೈರನ್ ಕೇಳಿದರೆ ಮನೆಯೊಳಗೆ ಊಟಕ್ಕೆ ಕೂತಿದ್ದರೂ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದ.

ಬೊಮ್ಮಯ್ಯ ಅಳಿಯನಿಗೆ ಗಾಳ ಕಟ್ಟುವುದನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಲಿಸಿದ.

"ನೋಡಪ್ಪಾ ಅಳೀಮಯ್ಯ, ದಾರ ಅಂದ್ರೆ ಎಲ್ಲಾ ಒಂದೇ ಅಲ್ಲ. ಪಕ್ಕೆ ಮೀನಿಗೆ, ಜಿಲೇಬಿ ಮೀನಿಗೆ ಕೂದ್ಲಂಗಿರೋ ದಾರ ಸಾಕು. ಕೊಕ್ಕೇನೂ ಸಣ್ದಿರ್ಲಿ, ಎರೆಹುಳ ಚುಚ್ಚು. ದಪ್ಪ ದಾರ ಬುಟ್ರೆ ಅವು ಹತ್ರಾನೂ ಬರಾಕಿಲ್ಲ. ಗೆಂಡೆಗೆ ನಡುವಿನ್ದು. ಮಡೂನಲ್ಲಿ ಬಾಳೆ ಮೀನು ಹಿಡೀಬೇಕು ಅಂದ್ರೆ ದಪ್ಪಂದು, ದೊಡ್ಡ ಕೊಕ್ಕೆ. ಮೊದ್ಲು ನೀರು ನೋಡು, ಆಮೇಲೆ ಮೀನು ನೆನೆಸ್ಕೊ, ಕೊನೇಗೆ ದಾರ ತಗೋ."

ನವಿಲುಗರಿಯ ದಂಟಿನಿಂದ ಬೆಂಡು ಮಾಡುವುದು, ಅದು ನೀರಲ್ಲಿ ನೆಟ್ಟಗೆ ನಿಲ್ಲುವ ಹಾಗೆ ಸೀಸದ ಗುಂಡು ಕಚ್ಚಿಸುವುದು, ಎಲ್ಲವನ್ನೂ ತೋರಿಸಿಕೊಟ್ಟ. ಕೊನೆಗೆ ಒಂದು ಮಾತು ಹೇಳಿದ.

"ಎಂಥಾ ದಾರಾನೇ ಇರ್ಲಿ, ಕೊಕ್ಕೆ ಪಕ್ಕದ್ದು ಒಂದು ಮೊಳ ಮಾತ್ರ ಅದಕ್ಕಿಂತ ತೆಳ್ಳಗಿರ್ಬೇಕು. ಬೇರೆ ದಾರ ಸೇರ್ಸಿ ಗಂಟು ಹಾಕು. ಇದಕ್ಕೆ ಸೋಲೋ ಮೊಳ ಅಂತೀವಿ ನಾವು."

"ಅದ್ಯಾಕೆ ಮಾವ? ಎಲ್ಲಾ ಗಟ್ಟಿ ಮಾಡ್ಬುಟ್ಟು ಒಂದ್ ಕಡೆ ಮಾತ್ರ ಯಾಕೆ ಬಡಕಲು ಮಾಡೋದು?"

ಬೊಮ್ಮಯ್ಯ ಎಲೆಅಡಿಕೆ ಉಗಿಯಲು ಎದ್ದ. ಉಗಿದು ಬಂದು, "ನಮ್ ಕೇರೀಲಿ ಹಂಗೇ ಮಾಡದು. ನೀನೂ ಹಂಗೇ ಮಾಡು," ಅಂದ. ಅಷ್ಟೇ. ಇನ್ನೊಂದು ಸಲ ಕೇಳುವ ಧೈರ್ಯ ದೇಪಯ್ಯನಿಗೆ ಇರಲಿಲ್ಲ. ಹೇಳಿದ ಹಾಗೆ ಕಟ್ಟಿದ, ಹೇಳಿದ ಹಾಗೆ ಬಿಟ್ಟ. ಮೀನು ಬಿದ್ದವು. ಹೆದರಿಕೆಯೂ ಒಂದಿಷ್ಟು ಕಡಿಮೆಯಾಗುತ್ತ ಬಂತು.

ಹಾಗೇ ನಡೆದಿದ್ದರೆ ನಾನು ಕಥೆ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ, ಹೆಂಗಸರೆಲ್ಲ ಬಟ್ಟೆ ಒಗೆಯುತ್ತಿದ್ದ ಕಡೆಯೇ ಅವನ ಗಾಳಕ್ಕೆ ಭಾರಿ ಮೀನು ಬಿತ್ತು. ನೀರಿನ ಮೇಲೆ ಅದರ ಬೆನ್ನು ಒಮ್ಮೆ ಮಿಂಚಿ ಮುಳುಗಿತು. ಒಗೆಯುವವರು ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ನಿಂತರು. "ಎಳಿಯೋ ದೇಪಾ, ಎಳಿಯೋ!" ದೇಪಯ್ಯ ಎಳೆದ. ಪಟ್ ಅಂತ ಸದ್ದಾಯಿತು. ಸೋಲುವ ಮೊಳ ಕಡಿದು, ಮೀನು ಕೊಕ್ಕೆ ಸಮೇತ ಹೋಯಿತು. ದೇಪಯ್ಯ ಹರಿಗೋಲಿನೊಳಗೆ ಅಂಗಾತ ಬಿದ್ದ. ದಡದಲ್ಲಿ ನಗು ಎದ್ದಿತು. ಅದೂ ಎಂಥಾ ನಗು! ವಾರಗಟ್ಟಲೆ ನಿಲ್ಲಲಿಲ್ಲ. ಅವನು ಅಂಗಡಿಗೆ ಹೋದರೆ, "ಮೀನು ತಂದ್ಯೇನಪ್ಪಾ?" ಅನ್ನುವವರು. ಸುಮ್ಮನೆ ನಡೆದು ಹೋಗುತ್ತಿದ್ದರೆ, ಹಿಂದಿನಿಂದ ಬಾಯಲ್ಲೇ "ಪಟ್" ಅನ್ನುವವರು.

ಬೊಮ್ಮಯ್ಯನಿಗೆ ಅದೊಂದು ವಿಷಯವೇ ಆಗಿರಲಿಲ್ಲ. "ಒಂದು ಕೊಕ್ಕೆ ಹೋಯ್ತು, ಇನ್ನೊಂದು ಕಟ್ಕೊ," ಅಂದ.

ಆದರೆ ದೇಪಯ್ಯನೊಳಗೆ ಹೊಸ ಹೆದರಿಕೆಯೊಂದು ಹೊಕ್ಕಿತು. ಈ ಮೊದಲು ಹೊಳೆಗೆ ಹೆದರುತ್ತಿದ್ದವನು ಈಗ ದಾರಕ್ಕೆ ಹೆದರತೊಡಗಿದ. ಗಾಳ ಬಿಟ್ಟು ಕೂತರೆ ಕಣ್ಣು ಬೆಂಡಿನ ಮೇಲೆ ಇರುತ್ತಿರಲಿಲ್ಲ. ಕೊಕ್ಕೆಯ ಪಕ್ಕದ ಆ ತೆಳ್ಳನೆ ಮೊಳವೇ ಕಣ್ಣ ಮುಂದೆ ಬರುತ್ತಿತ್ತು. ಕಡಿದರೆ? ಮತ್ತೆ ಕಡಿದರೆ? ಮತ್ತೆ ನಕ್ಕರೆ? ಬೆಂಡು ಅಲುಗಿದರೆ ಖುಷಿಯಾಗಬೇಕಾದವನಿಗೆ ಎದೆ ಡವಗುಟ್ಟುತ್ತಿತ್ತು. ಹೆದರಿಕೆ ಹೀಗೇ ಮಕ್ಕಳೇ. ಒಂದು ಕಡೆಯಿಂದ ಓಡಿಸಿದರೆ ಇನ್ನೊಂದು ಕಡೆಯಿಂದ ಬಂದು ಕೂರುತ್ತದೆ, ನಿಮ್ಮ ಮನೆಯ ಬೆಕ್ಕಿನ ಹಾಗೆ.

ಸಂತೆಯ ದಿನ ಅವನು ಯಾರಿಗೂ ಹೇಳದೆ ಪೇಟೆಗೆ ಹೋದ. ಗಾಳದ ಸಾಮಾನಿನ ಅಂಗಡಿಯಲ್ಲಿ ಕೇಳಿದ:

"ಯಾವತ್ತೂ ಕಡೀಬಾರ್ದು, ಅಂಥ ದಾರ ಐತಾ?"

ಅಂಗಡಿಯವನು ಒಳಗಿನಿಂದ ಹಸಿರು ಬಣ್ಣದ, ಜಡೆಯಂತೆ ಹೆಣೆದ ದಾರದ ಉರುಳೆ ತಂದಿಟ್ಟ. "ಇದು ಸಮುದ್ರದೋರು ಬಳಸೋದು. ಇದನ್ನ ಕಡಿಯೋ ಮೀನು ನಿಮ್ಮ ಹೊಳೇಲಿಲ್ಲ. ಯಾವ ಮೀನಿಗೆ ಬೇಕಾಗಿತ್ತು?"

"ಯಾವುದಾದ್ರೂ ಆಗ್ಲಿ."

ಅಂಗಡಿಯವನು ಮತ್ತೊಮ್ಮೆ ಅವನ ಮುಖ ನೋಡಿದ. ಯಾವ ಮೀನು ಅನ್ನುವುದನ್ನೇ ಹೇಳದೆ ದಾರ ಕೊಳ್ಳುವವನು ಅವನಿಗೆ ಹೊಸಬ. ಆದರೂ ವ್ಯಾಪಾರ ವ್ಯಾಪಾರವೇ. ಕೊಟ್ಟ.

ದೇಪಯ್ಯ ಮನೆಯ ಹಿತ್ತಲಲ್ಲಿ ಕೂತು ಕಟ್ಟಿದ. ಬೆರಳುದ್ದದ ದೊಡ್ಡ ಕೊಕ್ಕೆ. ಅದಕ್ಕೆ ನೇರವಾಗಿ ಹಸಿರು ದಾರ. ಸೋಲುವ ಮೊಳವನ್ನು ಹಾಕಲೇ ಇಲ್ಲ. ಮಾವ ದಾರದ ಇನ್ನೊಂದು ತುದಿಯನ್ನು ಮರದ ತುಂಡಿಗೆ ಸುತ್ತಿ ಕಾಲಡಿ ಇಟ್ಟುಕೊಳ್ಳುತ್ತಿದ್ದ. ಎಳೆದಾಟ ಜೋರಾದರೆ ತುಂಡೇ ಕೈಬಿಟ್ಟು ಹೋಗುತ್ತಿತ್ತು. ದೇಪಯ್ಯನಿಗೆ ಅದೂ ಸರಿ ಕಾಣಲಿಲ್ಲ. ಜಾರಿ ಹೋದರೆ? ಅಲ್ಲೇ ಮಗುಚಿಟ್ಟಿದ್ದ ಹರಿಗೋಲಿನ ಅಂಚಿನ ಬಿದಿರಿಗೇ ಆ ತುದಿಯನ್ನು ಕಟ್ಟಿದ. ಒಂದು ಗಂಟು ಹಾಕಿದ. ಅನುಮಾನ ಬಂತು, ಇನ್ನೊಂದು ಹಾಕಿದ. ಮತ್ತೆ ಎಳೆದು ನೋಡಿ ಮತ್ತೊಂದು. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ಅವನಿಗೆ ಒಳ್ಳೇ ನಿದ್ದೆ ಬಂತು.

ಚೆಲುವಿ ಜೊತೆಗಿಲ್ಲದ ಹೊತ್ತು ದಡದ ಹತ್ತಿರವೇ ಬಿಟ್ಟು ನೋಡಿದ, ಆದರೆ ಆ ದಾರಕ್ಕೆ ಮೀನೇ ಬೀಳಲಿಲ್ಲ. ಪಕ್ಕೆ ಮೀನು ಅದನ್ನು ನೋಡಿ ದೂರ ಹೋದವು. ಗೆಂಡೆ ಮೂಸಿ ನೋಡಿ ಬಿಟ್ಟವು. ಬೆಂಡು ನೀರಿನ ಮೇಲೆ ಅಲುಗದೆ ನಿಂತಿರುತ್ತಿತ್ತು. ಬುದ್ಧಿಯಿದ್ದವನಾಗಿದ್ದರೆ ದಾರ ಬದಲಿಸುತ್ತಿದ್ದ. ದೇಪಯ್ಯ ಜಾಗ ಬದಲಿಸಿದ. ದೊಡ್ಡ ಮೀನೇ ಇರುವ ಕಡೆಗೆ ಹೋದರಾಯಿತು ಅಂದುಕೊಂಡ.

ಹೊಳೆಯ ತಿರುವಿನ ಮೇಲುಗಡೆ ಒಂದು ಆಳವಾದ ಮಡು ಇತ್ತು. ಯಾವುದೋ ಕಾಲದ ನೆರೆಯಲ್ಲಿ ದೊಡ್ಡ ಮತ್ತಿ ಮರವೊಂದು ಬುಡಸಮೇತ ಕಿತ್ತು ಬಂದು ಅಲ್ಲಿ ಮುಳುಗಿತ್ತು. ಅದರ ಬೇರುಗಳ ನಡುವೆ ಬಾಳೆ ಮೀನು ಇರುತ್ತಿದ್ದವು. ನೀರು ಕಪ್ಪಗಿತ್ತು. ಬಿಸಿಲಲ್ಲೂ ತಳ ಕಾಣುತ್ತಿರಲಿಲ್ಲ. ಬೊಮ್ಮಯ್ಯ ಆ ಮಡುವಿನ ಮೇಲೆ ಹರಿಗೋಲು ಹೋಗುವಾಗ ಮಾತಾಡುವುದನ್ನು ನಿಲ್ಲಿಸಿಬಿಡುತ್ತಿದ್ದ. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಅಲ್ಲಿಗೆ ಹೋಗುವ ದಿನ ಹರಿಗೋಲು ಹತ್ತುವಾಗ ಚೆಲುವಿ ಗಾಳ ನೋಡಿದಳು.

"ಇದ್ಯಾವ್ದು ಬಾವ, ಹಸುರು ದಾರ? ಸೋಲೋ ಮೊಳ ಎಲ್ಲೈತೆ?"

"ಐತೆ ಬುಡು. ಬಣ್ಣ ಒಂದೇ ಆಗಿರೋದ್ಕೆ ನಿಂಗೆ ಕಾಣಾಕಿಲ್ಲ."

ಸುಳ್ಳು ಹೇಳಿದ. ಅವಳು ನಂಬಿದಳು. ಗಂಡನ ಮಾತು ಅಂತಲ್ಲ, ಇಂಥ ವಿಷಯದಲ್ಲಿ ಸುಳ್ಳು ಹೇಳುವವರನ್ನು ಅವಳು ಆ ಕೇರಿಯಲ್ಲಿ ಕಂಡೇ ಇರಲಿಲ್ಲ.

ಕೂಸನ್ನು ಹರಿಗೋಲಿನಲ್ಲಿ ಕೂರಿಸುವಾಗ ಆ ಕೇರಿಯ ತಾಯಂದಿರು ಒಂದು ಹಳೇ ಸೀರೆಯ ತುಂಡನ್ನು ಅದರ ಸೊಂಟಕ್ಕೆ ಸುತ್ತಿ, ಒಳಗಿನ ಬಿದಿರ ದಬ್ಬೆಗೆ ಕಟ್ಟುತ್ತಾರೆ. ಆಡುತ್ತ ಆಡುತ್ತ ನೀರಿಗೆ ಬೀಳದಿರಲಿ ಅಂತ. ಒಂದೇ ಜೀರುಗಂಟು, ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಚೆಲುವಿ ಹಾಗೆ ಕಟ್ಟಿ ಹುಟ್ಟು ಹಿಡಿಯಲು ತಿರುಗಿದಳು. ದೇಪಯ್ಯ ಆ ಗಂಟು ನೋಡಿದ. ಇಷ್ಟು ಸಡಿಲ! ಮಡು ಬೇರೆ ಆಳ. ಬಿಚ್ಚಿಕೊಂಡರೆ? ಅವಳ ಬೆನ್ನ ಹಿಂದೆ, ಆ ಗಂಟಿನ ಮೇಲೆ ತಾನೂ ಎರಡು ಗಂಟು ಬಿಗಿದ. ಗಟ್ಟಿಯಾಗಿ, ಹಲ್ಲು ಕಚ್ಚಿಕೊಂಡು ಬಿಗಿದ. ಮಗಳ ತಲೆ ಸವರಿದ. ಅವನಿಗೆ ಆ ಕೂಸಿನ ಮೇಲೆ ಅಷ್ಟು ಪ್ರೀತಿ ಇತ್ತು ಮಕ್ಕಳೇ.

ಮಡುವಿನ ಮೇಲೆ ಹರಿಗೋಲು ನಿಂತಿತು. ದೇಪಯ್ಯ ರಾಗಿಮುದ್ದೆಯ ಉಂಡೆ ಚುಚ್ಚಿ ಗಾಳ ಬಿಟ್ಟ. ಸ್ವಲ್ಪ ಹೊತ್ತು ಏನೂ ಇಲ್ಲ. ಹೊನ್ನಿ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿತ್ತು.

ಆಮೇಲೆ ಬೆಂಡು ಕಾಣಲಿಲ್ಲ. ಅಲುಗಲೂ ಇಲ್ಲ, ಓರೆಯೂ ಆಗಲಿಲ್ಲ. ಇದ್ದದ್ದು ಇಲ್ಲವಾಯಿತು. ದಾರ ಬಿಗಿಯಿತು. ಹರಿಗೋಲು ತನ್ನಷ್ಟಕ್ಕೇ ಗರಗರ ತಿರುಗಿ ಮುಂದೆ ಹೋಗತೊಡಗಿತು.

"ಬಿತ್ತು ಚೆಲುವಿ! ಬಿತ್ತು ಕಣೇ!"

ಒಂದು ಗಳಿಗೆ ಅವನಷ್ಟು ಸಂತೋಷವಾಗಿರುವ ಮನುಷ್ಯ ಆ ಹೊಳೆಯ ಉದ್ದಕ್ಕೂ ಇರಲಿಲ್ಲ. ಮೀನು ಜಗ್ಗಿತು. ದಾರ ಕಡಿಯಲಿಲ್ಲ. ಇನ್ನೂ ಜಗ್ಗಿತು. ಕಡಿಯಲಿಲ್ಲ. ಬಟ್ಟೆ ಒಗೆಯುವವರೆಲ್ಲ ಈಗ ಬಂದು ನೋಡಬೇಕಿತ್ತು ಅಂದುಕೊಂಡ.

ಮೀನು ಕೆಳಗೆ ಇಳಿಯಿತು. ಮತ್ತಿ ಮರದ ಬೇರುಗಳೊಳಗೆ ನುಗ್ಗಿ, ಒಂದು ಬೇರನ್ನು ಸುತ್ತಿ, ಇನ್ನೊಂದರ ಅಡಿ ಹಾಯಿತು. ಹರಿಗೋಲು ಗಕ್ಕನೆ ನಿಂತಿತು. ದೇಪಯ್ಯ ಎಳೆದ. ಮೀನನ್ನಲ್ಲ, ಮರವನ್ನು ಎಳೆದ ಹಾಗಿತ್ತು. ಕೆಳಗೆ ಮೀನೂ ಅದೇ ದಾರಕ್ಕೆ ಸಿಕ್ಕಿ ಬಿದ್ದಿತ್ತು. ಅದೂ ಹೆದರಿ ಒದ್ದಾಡುತ್ತಿರುವುದು ಇವನ ಬೆರಳಿಗೆ ತಿಳಿಯುತ್ತಿತ್ತು.

ಆಗಲೇ ಸೈರನ್ ಕೂಗಿತು.

ಚೆಲುವಿ ಗಾಬರಿಯಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. "ನಡಿ ಬಾವ, ಜೋರಾಗಿ ಒಂದು ಸಲ ಜಗ್ಗಿ ಕಡ್ದಾಕು, ದಡಕ್ಕೋಗಾವ," ಅಂದಳು.

ದೇಪಯ್ಯ ಜಗ್ಗಿದ. ದಾರ ಅಂಗೈಯನ್ನು ಕೊಯ್ದಿತು.

"ಕಡಿ ಬಾವ."

"ಕಡೀತಾ ಇಲ್ಲ."

"ಕಡೀತಾ ಇಲ್ಲ ಅಂದ್ರೆ? ಸೋಲೋ ಮೊಳ..."

ಅವಳು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಎಲ್ಲವೂ ಬರೆದಿತ್ತು. ಅವಳ ಕೈಯ ಹುಟ್ಟು ನಿಂತಿತು.

ದೇಪಯ್ಯ ಅಂಚಿನ ಬಿದಿರಿಗೆ ತಾನು ಹಾಕಿದ್ದ ಗಂಟುಗಳನ್ನು ಬಿಚ್ಚಲು ಹೆಣಗಿದ, ಜಗ್ಗಾಟಕ್ಕೆ ಬಿಗಿದಿದ್ದ ಅವು ಬಿಡಲಿಲ್ಲ, ಸೈರನ್ ಕೊಟ್ಟ ಹೊತ್ತೆಲ್ಲ ಅದರಲ್ಲೇ ಕಳೆಯಿತು. ಹರಿಗೋಲಿನಲ್ಲಿ ಮೀನು ಸೀಳುವ ಚೂರಿಯೊಂದಿತ್ತು. ದೇಪಯ್ಯ ಅದನ್ನು ಹುಡುಕಿ ತೆಗೆದ. ಅಂಗೈ ರಕ್ತಕ್ಕೆ ಜಾರುತ್ತಿತ್ತು. ಅಂಚಿನ ಆಚೆ ಬಗ್ಗಿ ದಾರಕ್ಕೆ ಚೂರಿ ಹಚ್ಚಬೇಕು ಅನ್ನುವಷ್ಟರಲ್ಲಿ ಅದು ಕೈಯಿಂದ ಜಾರಿತು. ಬುಳುಕ್ ಅಂತ ಸಣ್ಣ ಸದ್ದು. ಮಡು ಅದನ್ನು ನುಂಗಿಕೊಂಡಿತು. ದೇಪಯ್ಯ ಅದು ಹೋದ ಜಾಗವನ್ನೇ ನೋಡುತ್ತ ಕೂತ.

ನೀರು ಬಂತು. ದೂರದಿಂದ ಮೊದಲು ಸದ್ದು, ಆಮೇಲೆ ಕೆಂಪು ನೀರು, ಕಸ, ಕಡ್ಡಿ, ನೊರೆ. ಸಡಿಲವಾಗಿದ್ದ ಹರಿಗೋಲನ್ನು ನೀರು ಎತ್ತಿ ತೇಲಿಸುತ್ತದೆ. ಕಟ್ಟಿ ಹಾಕಿದ ಹರಿಗೋಲನ್ನು ಒತ್ತುತ್ತದೆ. ನೀರು ಮೇಲೆ ಮೇಲೆ ಬಂದ ಹಾಗೆ, ಕೆಳಗಿನ ಬೇರಿಗೆ ಬಿಗಿದ ದಾರ ಹರಿಗೋಲಿನ ಒಂದು ಅಂಚನ್ನು ಕೆಳಗೆ ಕೆಳಗೆ ಎಳೆಯಿತು. ಹರಿಗೋಲು ಓರೆಯಾಯಿತು. ಅಂಚಿನ ಮೇಲೆ ಹಾಯ್ದು ನೀರು ಒಳಗೆ ಬಂತು. ಮೊದಲು ಪಾದ ಮುಚ್ಚುವಷ್ಟು, ಆಮೇಲೆ ಮೊಣಕಾಲವರೆಗೆ. ಹೊನ್ನಿ ಹಾಡು ನಿಲ್ಲಿಸಿ, "ಅವ್ವಾ, ತಣ್ಣಗೆ," ಅಂದಿತು.

ಚೆಲುವಿ ಕೂಸಿನ ಕಡೆ ಹಾರಿದಳು. ಗಂಟಿನ ತುದಿ ಹಿಡಿದು ಎಳೆದಳು. ಬಿಚ್ಚಲಿಲ್ಲ. ಮತ್ತೆ ಎಳೆದಳು. ತಡವಿ ನೋಡಿದಳು. ತಾನು ಹಾಕಿದ ಒಂದು ಗಂಟಿನ ಮೇಲೆ ಬೇರೆ ಗಂಟುಗಳು ಸಿಕ್ಕವು.

"ಇದನ್ಯಾರು ಬಿಗ್ದೋರು?"

ದೇಪಯ್ಯ ಮುಖ ತಿರುಗಿಸಿಕೊಂಡ.

ನೆನೆದ ಬಟ್ಟೆಯ ಗಂಟನ್ನು ಉಗುರಿನಿಂದ ಬಿಡಿಸಿ ನೋಡಿದ್ದೀರಾ? ಎಷ್ಟು ಎಳೆದರೆ ಅಷ್ಟು ಬಿಗಿಯುತ್ತದೆ. ಚೆಲುವಿ ಹಲ್ಲು ಹಾಕಿದಳು. ಬಾಯಿತುಂಬ ಕೆಸರುನೀರು ಬಂತು, ಗಂಟು ಬಿಡಲಿಲ್ಲ. ಕೂಸು ಕಿರುಚತೊಡಗಿತು. ನೀರು ಅದರ ಎದೆಯವರೆಗೆ ಬಂದಿತ್ತು. ಚೆಲುವಿ ಎದ್ದು ನಿಂತು, ಕೂಸು ಕಟ್ಟಿದ್ದ ಆ ದಬ್ಬೆಯನ್ನೇ ಹಿಮ್ಮಡಿಯಿಂದ ಒದ್ದಳು. ಮತ್ತೆ ಒದ್ದಳು. ಕಾಲು ಹರಿದು ರಕ್ತ ಬಂದರೂ ಬಿಡಲಿಲ್ಲ. ದಬ್ಬೆ ಎರಡೂ ಕಡೆ ಸೀಳಿ ಮುರಿಯಿತು. ಸೊಂಟಕ್ಕೆ ಬಿದಿರು ತುಂಡು ಕಟ್ಟಿಕೊಂಡೇ ಕೂಸು ಅವಳ ತೋಳಿಗೆ ಬಂತು.

ಆದರೆ ಹರಿಗೋಲು ಇನ್ನೂ ಕಟ್ಟಿಕೊಂಡೇ ಇತ್ತು. ಹೊಳೆ ಕೆಂಪಗೆ ಸುಳಿ ಸುತ್ತುತ್ತಿತ್ತು. ಅದರೊಳಗೆ ಕೂಸನ್ನು ಹಿಡಿದು ಧುಮುಕಿದರೆ ಈಜು ಬಂದವರೂ ಉಳಿಯುವುದು ಕಷ್ಟ. ದೇಪಯ್ಯನಿಗಂತೂ ಈಜೇ ಬರುತ್ತಿರಲಿಲ್ಲ.

ಚೆಲುವಿ ಹುಟ್ಟನ್ನು ಅವನ ಮುಂದೆ ಹಿಡಿದಳು.

"ಅಂಚು ಒಡಿ ಬಾವ! ದಾರ ಕಟ್ಟಿರೋ ಜಾಗ ಒಡ್ದಾಕು!"

ಕೇಳಿ ಮಕ್ಕಳೇ, ಆ ಹೊತ್ತಿನಲ್ಲೂ ಅವನು ಏನಂದ ಗೊತ್ತೇ?

"ಅಂಚು ಒಡೆದ್ರೆ ಹರಿಗೋಲು ಹೋಯ್ತದೆ ಕಣೇ! ಮಾವನ ಹರಿಗೋಲು!"

ಪ್ರಾಣ ಹೋಗುತ್ತಿರುವಾಗಲೂ ಅವನಿಗೆ ಕಳೆದುಕೊಳ್ಳುವ ಭಯವೇ. ನಗಬೇಡಿ. ಇದು ನಗುವ ಜಾಗ ಅಲ್ಲ. ಎಷ್ಟೋ ದೊಡ್ಡವರು ಬದುಕಿನಲ್ಲಿ ಇದೇ ಮಾತನ್ನು ಬೇರೆ ಬೇರೆ ಹರಿಗೋಲಿನಲ್ಲಿ ಕೂತು ಹೇಳುತ್ತಿರುತ್ತಾರೆ.

"ಹೋಗ್ಲಿ!" ಚೆಲುವಿ ಕಿರುಚಿದಳು. "ಹೋದ್ರೆ ಹೋಗ್ಲಿ! ಕೂಸು ನೋಡು!"

ಅವನು ನೋಡಿದ. ನೀರು ಕುಡಿದು ಹೊನ್ನಿಯ ತುಟಿ ನೀಲಿಗಟ್ಟಿತ್ತು. ಅಳುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿತ್ತು.

ದೇಪಯ್ಯ ಹುಟ್ಟು ಎತ್ತಿದ. ಕಣ್ಣು ಮುಚ್ಚಿ ಅಂಚಿನ ಮೇಲೆ ಹೊಡೆದ. ಮತ್ತೆ ಹೊಡೆದ. ಏನೋ ಕೂಗುತ್ತ, ಅಳುತ್ತ, ಹೊಡೆಯುತ್ತಲೇ ಇದ್ದ. ಬಿದಿರು ಚಟಚಟ ಅಂದಿತು. ಹೆಣಿಗೆ ಬಿಟ್ಟಿತು. ಕೊನೆಗೆ ಅಂಚಿನ ಒಂದು ದೊಡ್ಡ ತುಂಡು ದಾರದ ಸಮೇತ ಕಿತ್ತು ನೀರೊಳಗೆ ಹೋಯಿತು. ಹಸಿರು ದಾರ ಆಗಲೂ ಕಡಿದಿರಲಿಲ್ಲ.

ಬಿಡಿಸಿಕೊಂಡ ಹರಿಗೋಲು ಬುಗುರಿಯ ಹಾಗೆ ತಿರುಗುತ್ತ ಓಡಿತು. ಅರ್ಧ ನೀರು ತುಂಬಿದ, ಅಂಚು ಹರಿದ ಹರಿಗೋಲು. ಚೆಲುವಿ ಕೂಸನ್ನು ಎದೆಗೆ ಅವುಚಿಕೊಂಡಳು. ದೇಪಯ್ಯ ಇಬ್ಬರನ್ನೂ ಅವುಚಿಕೊಂಡ. ಯಾವ ಕ್ಷಣ ಮುಳುಗುತ್ತದೋ ಅಂತ ಕಾಯುವುದು ಬಿಟ್ಟು ಮಾಡಲು ಏನೂ ಉಳಿದಿರಲಿಲ್ಲ. ಹೊಳೆಯ ತಿರುವಿನಲ್ಲಿ ಜೊಂಡು ಬೆಳೆದಿತ್ತು. ನೀರು ಹರಿಗೋಲನ್ನು ಅದರೊಳಗೆ ಬಿಸಾಡಿತು. ಇಬ್ಬರೂ ಜೊಂಡು ಹಿಡಿದು, ಕೆಸರಲ್ಲಿ ತೆವಳಿ ದಡ ಹತ್ತಿದರು. ತಿರುಗಿ ನೋಡುವಷ್ಟರಲ್ಲಿ ಹರಿಗೋಲು ಬಿಚ್ಚಿಕೊಂಡು ಬಿದಿರು ಬಿದಿರಾಗಿ ತೇಲಿ ಹೋಗುತ್ತಿತ್ತು.

ಸೈರನ್ ಕೂಗಿದ ಮೇಲೂ ಮಗಳು ಬರದಿದ್ದುದನ್ನು ನೋಡಿ ಬೊಮ್ಮಯ್ಯ ದಂಡೆಯುದ್ದಕ್ಕೂ ಬಂದಿದ್ದ. ಮೊಣಕಾಲು ಎಳೆಯುತ್ತ, ಬೀಳುತ್ತ ಏಳುತ್ತ ಬಂದ. ಮೂವರನ್ನೂ ಕಂಡು ಅಲ್ಲೇ ಕುಸಿದು ಕೂತ.

ಕೂಸು ಕೆಮ್ಮಿ ನೀರು ಕಾರಿತು. ಆಮೇಲೆ ಜೋರಾಗಿ ಅತ್ತಿತು. ಆ ಅಳು ಕೇಳಿ ದೊಡ್ಡವರು ಮೂವರೂ ಉಸಿರು ಬಿಟ್ಟರು.

ಅದರ ಸೊಂಟದಲ್ಲಿ ಬಿದಿರ ತುಂಡು ಇನ್ನೂ ಕಟ್ಟಿಕೊಂಡೇ ಇತ್ತು. ದೇಪಯ್ಯ ಬಿಚ್ಚಲು ಹೋದ. ತಾನೇ ಹಾಕಿದ ಗಂಟನ್ನು ಬಿಚ್ಚಲು ಅವನ ಬೆರಳಿಗೆ ಆಗಲಿಲ್ಲ. ಬೊಮ್ಮಯ್ಯ ಸೊಂಟದಿಂದ ಅಡಿಕೆ ಕತ್ತರಿಸುವ ಚಾಕು ತೆಗೆದು ಬಟ್ಟೆ ಕೊಯ್ದ. ಆ ತುಂಡನ್ನು ಕೈಯಲ್ಲಿ ಹಿಡಿದು ಗಂಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ನಿಧಾನಕ್ಕೆ ಕೇಳಿದ:

"ಗಾಳಕ್ಕೆ ಸೋಲೋ ಮೊಳ ಹಾಕಿರ್ಲಿಲ್ವಾ?"

"ಇಲ್ಲ ಮಾವ."

"ಹೊಳೆ ಕೇಳಿದ್ದು ಒಂದು ಕೊಕ್ಕೆ ಕಣಪ್ಪಾ. ಅಷ್ಟು ಕೊಟ್ಟಿದ್ರೆ ಸಾಕಾಗಿತ್ತು. ನೀನು ಕೂಸ್ನ ಕಟ್ಟಿ ಕೊಡಾಕೋಗಿದ್ದೆ."

ದೇಪಯ್ಯ ನೆಲಕ್ಕೆ ಮುಖ ಹಚ್ಚಿ ಅತ್ತ. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿ, ಅವನ ಜೀವಮಾನದಲ್ಲಿ ಮೊದಲ ಸಲ, ಮಾವನನ್ನು ಎದುರಿಸಿ ಕೇಳಿದ:

"ಅವತ್ತು ಜಗಲಿ ಮೇಲೆ ಯಾಕೆ ಅಂತ ಕೇಳ್ದೆ ಮಾವ. ಯಾಕೆ ಹೇಳ್ಲಿಲ್ಲ ನೀನು? ದಾರ ಕಡೀದೇ ಹೋದ್ರೆ ಹಿಂಗಾಯ್ತದೆ ಅಂತ ಒಂದು ಮಾತು ಹೇಳಿದ್ದಿದ್ರೆ..."

ಬೊಮ್ಮಯ್ಯ ಮಡುವಿನ ಕಡೆ ನೋಡಿದ.

"ನಂಗೊಬ್ಬ ತಮ್ಮ ಇದ್ದ. ನಿಮ್ಮವ್ವ ನಿಂಗೆ ಹೇಳಿರಾಕಿಲ್ಲ. ದೊಡ್ಡ ಮೀನು ಬೇಕು ಅಂತ ಅವ್ನೂ ಸೋಲೋ ಮೊಳ ಹಾಕಿರ್ಲಿಲ್ಲ, ದಾರಾನ ಕೈಗೆ ಸುತ್ಕೊಂಡಿದ್ದ. ಅದೇ ಮಡು, ಅದೇ ಬೇರು. ನಾನು ದಡದಲ್ಲಿ ನಿಂತು ನೋಡ್ದೆ. ಇದನ್ನ ಹೇಳಿದ್ರೆ ನೀನು ಮತ್ತೆ ಹೊಳೆಗೆ ಇಳೀತಿರ್ಲಿಲ್ಲ. ನನ್ನ ಮಗಳನ್ನ, ಕೂಸ್ನ ಕರ್ಕೊಂಡು ನಿಮ್ಮೂರಿಗೆ ಹೊಂಟೋಗ್ತಿದ್ದೆ. ಇವರಿಬ್ರು ಇಲ್ದೆ ಹೆಂಗಿರೋದು ಅಂತ ಹೆದರ್ಕೊಂಡೆ. ಹೆದ್ರಿ ಸುಮ್ನಾದೆ."

ಮಾವ ಅಳಿಯ ಇಬ್ಬರೂ ತಲೆ ತಗ್ಗಿಸಿ ಕೂತರು. ಹೊಳೆ ಭೋರ್ಗರೆಯುತ್ತಿತ್ತು. ಚೆಲುವಿ ಒದ್ದೆ ಸೆರಗಿನಿಂದ ಮಗಳ ಮುಖ ಒರೆಸುತ್ತಿದ್ದವಳು ಇಬ್ಬರ ಕಡೆಗೂ ತಿರುಗಿದಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾನೆಲ್ಲಿ ಹೋಯ್ತೀನೋ ಅಂತ ನೀನು ಹೆದರ್ದೆ ಅಪ್ಪಯ್ಯ. ಮೀನೆಲ್ಲಿ ಹೋಯ್ತದೋ ಅಂತ ಇವ್ನು ಹೆದರ್ದ. ನೀವಿಬ್ರೂ ಹೆದರ್ಕೊಂಡು ಹೆದರ್ಕೊಂಡು ಬಿಗೀತಾ ಕೂತಿದ್ರಿ. ನಡುವೆ ಮುಳುಗ್ತಾ ಇದ್ದೋಳು ನನ್ನ ಮಗಳು."

ಅವಳು ಕೂಸನ್ನು ಎತ್ತಿಕೊಂಡು, ಗಾಯದ ಕಾಲನ್ನು ಎಳೆಯುತ್ತ ಮನೆ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಗಂಡಸರಿಬ್ಬರೂ ಎದ್ದು, ಒಬ್ಬರಿಗೊಬ್ಬರು ಕೈಕೊಟ್ಟುಕೊಂಡು, ಅವಳ ಹಿಂದೆ ಹೋದರು.

ನೀತಿ: ಕಳೆದುಕೊಳ್ಳುವ ಭಯದಲ್ಲಿ ಯಾವುದನ್ನೂ ಬಿಡಿಸಲಾಗದಂತೆ ಬಿಗಿಯಬೇಡಿ. ಸಣ್ಣದೊಂದು ಸೋಲಿಗೆ ಜಾಗ ಬಿಡದವನು ಮುಂದೆ ಸೋಲುವುದು ತನಗೆ ಎಲ್ಲಕ್ಕಿಂತ ಬೇಕಾದದ್ದನ್ನು. ಹೆದರಿಕೆಯಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳದೆ ಉಳಿದ ಹೆದರಿಕೆ ಪ್ರೀತಿಯ ಹೆಸರಿನಲ್ಲಿ ಗಂಟು ಹಾಕುತ್ತದೆ, ಆ ಗಂಟು ಬೀಳುವುದು ನಮ್ಮನ್ನು ನಂಬಿ ಕೂತ ಮಕ್ಕಳ ಸೊಂಟಕ್ಕೆ.